ಐವತ್ತೆರಡು ಕಿಲೋದ ಕಮಾನು

9-11-98, ಸೋಮವಾರ

ಪೇಪರ್ ಓದಿ ಮುಗಿಸಿದೆ. ಇವತ್ತೂ ಮುಖಪುಟದಲ್ಲಿ ಈರುಳ್ಳಿ ಬೆಲೆ. ಎಂಟೂವರೆಗೆ ಅಂಗಡಿ ತೆಗೆದೆ. ಮಧ್ಯಾಹ್ನ ಉಮಾಳನ್ನು ಹರಿಹರದಿಂದ ದಾವಣಗೆರೆಗೆ, ಡಾಕ್ಟರ ಬಳಿ, ಬಾಡಿಗೆ ಕಾರಿನಲ್ಲಿ ಕರೆದೊಯ್ದೆ. ಬೆನ್ನಿನ ಆಪರೇಷನ್ ಆಗಿ ಹತ್ತು ತಿಂಗಳು. ಗಾಯ ಕೂಡಿದೆ. ಪ್ರಯಾಣ ಮಾಡಬಹುದು, ಕುಲುಕಾಟ ಮಾತ್ರ ಕೂಡದು.

ಹೊರಗೆ ಬಂದು ಉಮಾ ಕೇಳಿದ್ದು ಒಂದೇ: "ಹಂಗಾರೆ ಅಕ್ಕನ ಊರಿಗೆ ಹೋಗಬೌದೇನ್ರೀ?"

ಅವಳ ಅಕ್ಕ ಶಕುಂತಲಮ್ಮ ಇರುವುದು ಮಲೆಬೆನ್ನೂರಿನ ಆಚೆ. ಕೊನೆಯ ಆರು ಕಿಲೋಮೀಟರ್ ಚಾನಲ್ ಏರಿಯ, ಅಂದರೆ ನಾಲೆ ದಂಡೆಯ, ಕಲ್ಲುದಾರಿ. ಕಾರಿನ ಹೊಟ್ಟೆ ನೆಲಕ್ಕೆ ಉಜ್ಜುತ್ತದೆ. ಆಕೆಗೆ ಬಸ್ಸು ಹತ್ತಿದರೆ ವಾಂತಿ, ಊರು ಬಿಟ್ಟು ಬರುವುದಿಲ್ಲ. ಅಕ್ಕ ತಂಗಿ ಮುಖ ನೋಡಿ ಹದಿನಾಲ್ಕು ತಿಂಗಳು.

ಉಳಿದದ್ದು ನಮ್ಮ ಜೀಪು. ಎತ್ತರವೇನೋ ಇದೆ. ಆದರೆ ಇಪ್ಪತ್ತು ವರ್ಷ ಅಕ್ಕಿ ಚೀಲ ಹೊತ್ತ ಗಾಡಿ. ಖಾಲಿ ಓಡಿದರೆ ಚಕ್ಕಡಿಯೇ ವಾಸಿ.

10-11-98, ಬೆಳಗ್ಗೆ 6.30

ಲೀಟರ್ ಹಿಡಿಸುವ ಹಿತ್ತಾಳೆ ಚೊಂಬಿಗೆ ಕಂಠಮಟ್ಟ ನೀರು ತುಂಬಿ, ಉಮಾ ಕೂರುವ ಸೀಟಿನ ಮೇಲೆ ಬಟ್ಟೆ ಸುತ್ತಿ ಇಟ್ಟು, ನಮ್ಮೂರ ಪಕ್ಕದ, ಅಂಥದೇ ಕಲ್ಲಿನ ಚಾನಲ್ ಏರಿಯ ಮೇಲೆ ಓಡಿಸಿದೆ. ಬಂದು ಹಾಲಿನ ಅಳತೆಯಲ್ಲಿ ಅಳೆದೆ. ಅರ್ಧ ಲೀಟರ್ ಚೆಲ್ಲಿತ್ತು.

ಚಕ್ರದ ಮೇಲಿನ ಸ್ಪ್ರಿಂಗಿನ, ಅದೇ ಕಮಾನಿನ, ಪ್ಲೇಟು ಎಣಿಸಿದೆ. ಮುಂದೆ ಒಂದೊಂದು ಬದಿಗೆ ಎಂಟು, ಹಿಂದೆ ಹನ್ನೊಂದು. ಪ್ಲೇಟು ಹೆಚ್ಚಿದ್ದಷ್ಟೂ ಗಾಡಿ ಬಿರುಸು.

12-11-98

ಕರೂರಿನಲ್ಲಿ ಭರಮಣ್ಣನ ಶೆಡ್ಡಿಗೆ ಜೀಪು ಬಿಟ್ಟೆ. ಲಾರಿ ಕಮಾನಿನ ಕೆಲಸಕ್ಕೆ ಈ ಕಡೆ ಅವನದೇ ಹೆಸರು. "ಗಾಡಿ ಭಾಳ ಕುಲುಕ್ತೈತೆ, ಕಮಾನು ನೋಡಪ್ಪ" ಎಂದಷ್ಟೇ ಹೇಳಿದೆ. ಮನೆಯ ಹೆಣ್ಣುಮಕ್ಕಳ ಕಾಯಿಲೆಯನ್ನು ನಾಲ್ಕು ಲಾರಿ ಡ್ರೈವರುಗಳ ಮುಂದೆ ಆಡುವುದು ಸರಿ ಅನ್ನಿಸಲಿಲ್ಲ.

14-11-98, ಶನಿವಾರ

ತಪ್ಪಾಯಿತು.

ಭರಮಣ್ಣ ಖುಷಿಯಲ್ಲಿದ್ದ. "ಸಾವ್ಕಾರ್ರೆ, ನಾಕೂ ಕಡೆ ಒಂದೊಂದು ಪ್ಲೇಟ್ ಜಾಸ್ತಿ ಹಾಕೀನಿ. ನಿಮಗಂತ. ಹದಿನೈದು ಚೀಲ ಹೇರ್ರಿ, ಬಗ್ಗಿದ್ರೆ ನನ್ನ ಕೇಳ್ರಿ."

ಚೀಲ ಹೇರಿ, ಗಾಡಿ ಬಗ್ಗದಿದ್ದರೆ ಕಮಾನು ಸರಿ. ಅವನ ಶಾಸ್ತ್ರವೇ ಅದು. ವಾಪಸ್ ಬರುವಾಗ ಪಿ.ಬಿ. ರೋಡಿನ ಟಾರಿನಲ್ಲೇ ನನ್ನ ಹಲ್ಲು ಕಟಕಟ. ಚಾನಲ್ ಏರಿಗೆ ಹೋಗಿ ಅಳೆದೆ. ಚೊಂಬಿನಲ್ಲಿ ಉಳಿದದ್ದು ಕಾಲು ಲೀಟರ್.

ಉಮಾ ಜಗಲಿಯಿಂದ ನೋಡುತ್ತಿದ್ದಳು. ಎದ್ದು ಒಳಗೆ ಹೋದಳು.

16-11-98

ಮತ್ತೆ ಕರೂರು. ಈ ಸಲ ಇದ್ದದ್ದು ಇದ್ದ ಹಾಗೆ ಹೇಳಿದೆ. ಭರಮಣ್ಣ ಸುತ್ತಿಗೆ ಕೆಳಗಿಟ್ಟ.

"ಮೊದ್ಲೇ ಹೇಳಬಾರ್ದೇನ್ರಿ? ಕಾಯ್ಲೆ ಮನುಷ್ಯರು ಕುಂದ್ರತಾರಂತ ಹೇಳ್ದಿದ್ರೆ ಕಮಾನಿಗೆ ಗೊತ್ತಾಗುತ್ತಾ?"

"ಹೇಳಾಕೆ ಒಂಥರಾ ಆತು."

"ನೋಡ್ರಿ, ಈ ಶೆಡ್ಡಿಗೆ ಪ್ಲೇಟ್ ಹಾಕಿಸ್ಕೊಳ್ಳಾಕೆ ಬಂದೋರೇ ಎಲ್ಲ. ತೆಗಸಾಕೆ ಬಂದೋರು ನೀವೇ ಮೊದ್ಲು. ತೆಗೆದ್ರೆ ಗಾಡಿ ಕುಂದ್ರುತೈತೆ. ಹಿಂದೆ ಕುಂತ ಗಾಡಿ ನೋಡಿದ್ರೆ ಪ್ಯಾಟೇಲಿ ಏನಂತಾರೆ ಗೊತ್ತಾ? ಬಕ್ಕೇಶಪ್ಪ ಸಾವ್ಕಾರ್ರು ಮುಳುಗಿದ್ರು ಅಂತಾರೆ."

"ಅನ್ನಲಿ ಬಿಡು. ಆದ್ರೆ ಗಾಡಿ ಕುಂತ್ರೆ ಕಲ್ಲು ಬಡಿತೈತಲ್ಲ."

ಅವನು ಬಹಳ ಹೊತ್ತು ಗಾಡಿಯ ಕೆಳಗೆ ಮಲಗಿ ನೋಡಿದ. ಅಲ್ಲಿಂದಲೇ ಕೇಳಿದ: "ಅಮ್ಮಾರು ಎಷ್ಟು ತೂಕ?"

ಇಪ್ಪತ್ತಾರು ವರ್ಷದ ಸಂಸಾರ. ಗೊತ್ತಿರಲಿಲ್ಲ.

ಮನೆಗೆ ಬಂದು ಆಸ್ಪತ್ರೆ ಚೀಟಿ ಹುಡುಕುತ್ತಿದ್ದೆ. ಉಮಾ ಹಿಂದೆಯೇ ನಿಂತಿದ್ದಳು.

"ಏನು ಹುಡುಕ್ತೀರಿ?"

"ನಿನ್ನ ತೂಕ."

"ಯಾಕ, ಮಾರ್ತೀರಾ?"

ಎರಡು ದಿನ ಮಾತು ಬಿಟ್ಟಿದ್ದವಳ ಮೊದಲ ಮಾತು ಅದು. ಚೀಟಿ ಸಿಕ್ಕಿತು: 52 ಕಿಲೋ. ಬರೆದುಕೊಂಡೆ.

26-11-98, ಗುರುವಾರ

ಹತ್ತು ದಿನ ಬರೆಯಲಿಲ್ಲ. ಅಂಗಡಿ ಮತ್ತು ಶೆಡ್ಡು, ಅಷ್ಟೇ.

ಆಗಿದ್ದು ಇಷ್ಟು. ಗಿಡ್ಡ, ದಪ್ಪ ಪ್ಲೇಟುಗಳನ್ನೆಲ್ಲ ಭರಮಣ್ಣ ತೆಗೆದ. ಹಳೆಯ ಕಾರೊಂದರ ಉದ್ದನೆಯ ತೆಳು ಪ್ಲೇಟು ಹೊಂದಿಸಿದ. ಒಂದೊಂದನ್ನೂ ಸುತ್ತಿಗೆಯಿಂದ ಬಡಿದು ಬಿಲ್ಲಿನ ಬಾಗು ಹೆಚ್ಚಿಸಿದ. ಕಡಿಮೆ ಪ್ಲೇಟಿನಲ್ಲೂ ಗಾಡಿ ಎತ್ತರ ನಿಲ್ಲುವುದು ಆ ಬಾಗಿನಿಂದ. ನಡುವೆ ಗ್ರೀಸು, ತುದಿಗೆ ಹೊಸ ರಬ್ಬರ್ ಬುಷ್. ಈಗ ಮುಂದೆ ಐದು, ಹಿಂದೆ ಆರು.

ಕೊನೆಗೆ ತೂಕ. ಹದಿನೈದು ಚೀಲ ಹೇರುವವನು ಇವತ್ತು ಐವತ್ತು ಕಿಲೋದ ಒಂದೇ ಚೀಲವನ್ನು ಮುಂದಿನ ಸೀಟಿನಲ್ಲಿ ಕೂರಿಸಿದ. ಮೇಲೆ ಎರಡು ಕಿಲೋದ ಬಟ್ಟು. ನನ್ನನ್ನು ಸ್ಟೇರಿಂಗಿಗೆ ಕೂರಿಸಿ ನೆಲದಿಂದ ಟೇಪು ಹಿಡಿದ. ಗಾಡಿಯ ಎತ್ತರ ಮೊದಲಿಗಿಂತ ಅರ್ಧ ಇಂಚು ಮಾತ್ರ ಕಡಿಮೆ.

"ಇನ್ನ ಇದು ಅಕ್ಕಿ ಗಾಡಿ ಅಲ್ಲ. ಚೀಲ ಹೇರಿದ್ರೋ, ನಾನೇ ಬಂದು ಬೈತೀನಿ."

29-11-98, ಭಾನುವಾರ

ಚಾನಲ್ ಏರಿ, ಅದೇ ಕಲ್ಲು, ಅದೇ ವೇಗ. ಚೆಲ್ಲಿದ್ದು ನೂರು ಮಿಲಿ. ಎರಡನೇ ಸಲವೂ ಅಷ್ಟೇ.

ಉಮಾಗೆ ಹೇಳಿದೆ. "ಚೊಂಬಿಗೆ ನೋವಿರುತ್ತೇನ್ರೀ?" ಅಂದಳು. ಆಮೇಲೆ ಹೊರಗೆ ಬಂದು ಜೀಪಿನ ಬಾನೆಟ್ ತಟ್ಟಿದಳು. "ನನಗೆ ಡಾಕ್ಟ್ರು ಡಿಸ್ಕ್ ತೆಗೆದ್ರು, ಇದಕ್ಕೆ ನೀವು ಪ್ಲೇಟ್ ತೆಗೆಸಿದ್ರಿ. ಇಬ್ರೂ ಒಂದೇ ವಾರ್ಡು."

ಬರುವ ಭಾನುವಾರ ಎಂದು ನಿಶ್ಚಯ. ಬೆಳಗ್ಗೆ ಹೋಗಿ ಸಂಜೆ ವಾಪಸ್. ನೋವಾದರೆ ಅರ್ಧ ದಾರಿಯಿಂದಲೇ ತಿರುಗುವುದು.

6-12-98, ಭಾನುವಾರ, ಮಧ್ಯಾಹ್ನ 12.10

ಅಕ್ಕನ ಮನೆ ಜಗಲಿಯಲ್ಲಿ ಕೂತು ಬರೆಯುತ್ತಿದ್ದೇನೆ.

ಮಲೆಬೆನ್ನೂರಿನವರೆಗೆ ಟಾರು, ಚಿಂತೆ ಇರಲಿಲ್ಲ. ಏರಿಯ ಮೇಲೆ ಎರಡು ಕಿಲೋಮೀಟರ್ ಆಗಿತ್ತು. "ನಿಲ್ಲಿಸ್ರೀ" ಅಂದಳು. ಇಂಜಿನ್ ಆಫ್ ಮಾಡಿ, ತಿರುಗಿಸಲು ಜಾಗ ಎಲ್ಲಿದೆ ಎಂದು ಹಿಂದೆ ನೋಡಿದೆ. ಅವಳು, ಅಳತೆಗೆಂದು ನಾನು ಕಾಲ ಬಳಿ ಇಟ್ಟಿದ್ದ ಚೊಂಬು ಎತ್ತಿ ಗಟಗಟ ಕುಡಿದಳು. "ಬಾಯಾರಿತ್ತು. ಈಗ ಹೊಡೀರಿ. ಸ್ವಲ್ಪ ಜೋರಾಗೇ ಹೊಡೀರಿ."

ಆದ್ದರಿಂದ ಇವತ್ತು ಚೆಲ್ಲಿದ್ದು ಎಷ್ಟು, ಲೆಕ್ಕ ಸಿಕ್ಕಿಲ್ಲ.

ಒಳಗೆ ಒಂದು ಗಂಟೆಯಿಂದ ಇಬ್ಬರದೂ ಮಾತು, ನಡುನಡುವೆ ನಗು. ಬೆನ್ನಿನ ವಿಷಯ ಇನ್ನೂ ಬಂದಿಲ್ಲ.

ನಾಲ್ಕಕ್ಕೆ ಹೊರಡಬೇಕು ಎಂದು ಹೇಳಲು ಎದ್ದೆ. ಉಮಾ ಬಾಗಿಲಲ್ಲಿ ಬಟ್ಟೆ ಚೀಲ ಬಿಚ್ಚುತ್ತಿದ್ದಳು. ನಾಲ್ಕು ಸೀರೆ, ಟವೆಲು, ಹಾಸುವ ಕೌದಿ. ರಾತ್ರಿಯೇ ಕಟ್ಟಿ ಜೀಪಿನ ಹಿಂದೆ ಇಟ್ಟಿದ್ದಳಂತೆ. ಹಾಗಾದರೆ ಅರ್ಧ ದಾರಿಯಿಂದ ತಿರುಗುವ ಮಾತನ್ನು ಅವಳು ಮೊದಲಿಗೇ ಲೆಕ್ಕಕ್ಕೆ ಇಟ್ಟಿರಲಿಲ್ಲ; ಸಂಜೆ ಹೊರಡುವುದನ್ನೂ.