ಸೋಪು ಹಚ್ಚಿ ತೊಳೆದ ಕೈಗಳ ತೀರ್ಪು

ನೆರೆ ಪರಿಹಾರ ಶಿಬಿರಗಳ ಉಸ್ತುವಾರಿ ಹೊತ್ತ ಅಧಿಕಾರಿಗಳಿಗೆ,

ಮಾನ್ಯರೇ,

ಕಳೆದ ಸೋಮವಾರ ನೀವು ನಿಮ್ಮ ಪ್ರಯೋಗಾಲಯದ ರಸಾಯನಶಾಸ್ತ್ರಜ್ಞೆಯೊಬ್ಬಳನ್ನು ಅಮಾನತು ಮಾಡಿದಿರಿ. ಶಿಬಿರಗಳಿಗೆಂದು ಅವಳು ತಯಾರಿಸಿದ, ನೀರಿಲ್ಲದೆ ಕೈ ಶುಚಿ ಮಾಡುವ ಮುಲಾಮು ಕೆಲಸಕ್ಕೆ ಬಾರದೇ ಹೋಯಿತಂತೆ. ಅವಳು ನನ್ನ ಅಣ್ಣನ ಮಗಳು. ನಾನು ಪಕ್ಷಪಾತಿ ಎಂದು ನೀವು ಹೇಳಬಹುದು, ಹೇಳಿ. ಆದರೆ ಸೋತ ಮುಲಾಮು ನಿಮ್ಮದು.

ಅವಳದ್ದನ್ನು ನಾನು ಬಲ್ಲೆ. ಹೋದ ವರ್ಷ ಹಿತ್ತಿಲ ಮಣ್ಣು ಕಲಸಿ ಮನೆಮಂದಿಯ ಕೈಗೆಲ್ಲ ಮೆತ್ತಿ ಪರೀಕ್ಷಿಸಿದ್ದಳು. "ಇಷ್ಟು ಓದ್ಸಿದ್ದು ಮಣ್ಣಾಡೋಕಾ?" ಎಂದು ಅತ್ತಿಗೆ ಗೊಣಗಿದರು. "ಕೈ ಕೊಡಮ್ಮ, ಬೈಯೋಕೆ ಬಾಯಿ ಸಾಕಲ್ಲ" ಎಂದಳು ಮಗಳು. ಮುಲಾಮಿನಲ್ಲಿ ಸಣ್ಣಗೆ ಅರೆದ ಮರದ ಪುಡಿ ಇತ್ತು. ಉಜ್ಜಿದರೆ ಪುಡಿ ಕೆಸರನ್ನು ಹಿಡಿದುಕೊಂಡು ಉದುರುತ್ತಿತ್ತು. ಉಳಿದದ್ದು ಬಟ್ಟೆಯಲ್ಲಿ ಒರೆಸಿದರೆ ಹೋಗುತ್ತಿತ್ತು. ಅತ್ತಿಗೆ ಅಂಗೈ ತಿರುಗಿಸಿ ನೋಡಿಕೊಂಡು ಸುಮ್ಮನಾದರು. ನಮ್ಮ ಮನೆಯಲ್ಲಿ ಅದಕ್ಕಿಂತ ದೊಡ್ಡ ಪ್ರಮಾಣಪತ್ರವಿಲ್ಲ.

ಆಮೇಲೆ ಅದು ನಿಮ್ಮ ಅಧ್ಯಕ್ಷತೆಯ ಸಮಿತಿಯ ಮುಂದೆ ಹೋಯಿತು. ಸದಸ್ಯರು ಊಟ ಮುಗಿಸಿ, ಸೋಪು ಹಚ್ಚಿ ತೊಳೆದುಕೊಂಡ ಕೈಗಳನ್ನೇ ಚಾಚಿದರಂತೆ. "ಚುಚ್ಚತ್ತೆ ಕಣಮ್ಮ. ಪುಡಿ ತೆಗೆದ್ಬಿಡು, ಸ್ವಲ್ಪ ಸೆಂಟು ಹಾಕು."

"ಪುಡಿ ತೆಗೆದ್ರೆ ಕೆಸರು ಹೋಗಲ್ಲ ಸಾರ್."

"ಇಲ್ಲಿ ಯಾರ ಕೈಲಿದೆ ಕೆಸರು?" ಎಂದರು ಸಮಿತಿಯವರೊಬ್ಬರು. ಎಲ್ಲರೂ ನಕ್ಕರು. ಪುಡಿ ಹೋಯಿತು, ಸೆಂಟು ಬಂತು.

ಯಾರ ಕೈಯಲ್ಲಿ ಕೆಸರಿದೆ ಎಂಬುದು ಈ ಮಳೆಗಾಲದಲ್ಲಿ ತಿಳಿಯಿತು. ನೆರೆಯಲ್ಲಿ ಮನೆ ಬಿಟ್ಟು ಶಾಲೆಯ ಕೋಣೆಗಳಲ್ಲಿ ಮಲಗಿದವರಲ್ಲಿ ನಾನೂ ಒಬ್ಬ. ನಿಮ್ಮ ಮುಲಾಮನ್ನು ಉಜ್ಜಿದಷ್ಟೂ ಕೆಸರು ನುಣ್ಣಗಾಗಿ ಮೊಣಕೈವರೆಗೆ ಹರಡಿತು. ಪಕ್ಕದ ಚಾಪೆಯ ಅಜ್ಜಿ ಕೈ ಮೂಸಿಕೊಂಡು, "ಮದುಮಗಳ ಥರ ಘಮ್ ಅಂತಿದೀನಿ, ಈ ಕೈಲಿ ಉಣ್ಣೋಕೇ ಭಯ" ಎಂದರು. ಉಣ್ಣದೆ ಏನು ಮಾಡುತ್ತಾರೆ? ಅದೇ ಕೈಯಲ್ಲಿ ಮೊಮ್ಮಗಳಿಗೂ ತಿನ್ನಿಸಿದರು. ವಾರದೊಳಗೆ ಅರ್ಧ ಶಿಬಿರ ವಾಂತಿಭೇದಿಯಿಂದ ನೆಲ ಹಿಡಿಯಿತು. ಆ ಮಗು ಇನ್ನೂ ಆಸ್ಪತ್ರೆಯಲ್ಲಿದೆ.

ಹಿಂದಿನ ನೆರೆಯಲ್ಲಿ ಸ್ಟೌ ಕಳಿಸಿ ಸೀಮೆಎಣ್ಣೆ ಮರೆತ ಇಲಾಖೆಯೂ ತಮ್ಮದೇ. ಆಗ ಉಗ್ರಾಣದ ಗುಮಾಸ್ತನ ತಲೆದಂಡವಾಯಿತು, ಈಗ ಇವಳದ್ದು. ತಮ್ಮ ಕಚೇರಿಯಲ್ಲಿ ತಪ್ಪುಗಳಿಗೆ ಮೆಟ್ಟಿಲು ಹತ್ತಲು ಬರುವುದೇ ಇಲ್ಲವೆ?

ಮಳೆ ಇನ್ನೂ ಮುಗಿದಿಲ್ಲ, ಅದೇ ಘಮಘಮ ಡಬ್ಬಿಗಳು ಗೋದಾಮಿನಲ್ಲಿ ಲಾರಿಗೆ ಕಾಯುತ್ತಿವೆ. ಅವು ಹೊರಡುವ ಮುನ್ನ, ಈ ಪತ್ರ ಅಚ್ಚಾದ ಇದೇ ಪತ್ರಿಕೆಯಲ್ಲಿ, ತಮ್ಮ ಸಹಿ ಹಾಕಿ ಉತ್ತರಿಸಿ: ಆ ಪುಡಿಯನ್ನು ತೆಗೆಸಿದವರು ಯಾರು?

ಇಂತಿ,
ತಮ್ಮ ಕಚೇರಿಯ ಉತ್ತರಗಳಿಗೆ ಕಾದೇ ಮುದುಕನಾದ
ಒಬ್ಬ ನಾಗರಿಕ