ಅಜ್ಜಿ ಇನ್ನೂ ಹೇಳ್ತಾ ಇದ್ದಾರೆ

ಅಮ್ಮಾ,

ನೀನು ಅಣ್ಣನ ಮನೆ ಸೇರಿದ ಮೇಲೆ ನಾನು ಫೋನ್ ಮಾಡಿದೆ. ನೀನು "ಹೂಂ" ಅಂದೆ, ಉಳಿದದ್ದನ್ನೆಲ್ಲ ಅಣ್ಣ ಹೇಳಿದ. ಮೊದಲಾಗಿದ್ದರೆ ಅಷ್ಟಕ್ಕೇ ಸಮಾಧಾನವಾಗುತ್ತಿತ್ತು. ಈಗ ಆಗುತ್ತಿಲ್ಲ.

ನಾನು ಮರೆತು ಬಂದ ಕನ್ನಡಕ ಕೊಡಲು ನೀನು ಶಾಲೆಗೆ ಬಂದೆಯಲ್ಲ, ಆಗ ನಡೆಯುತ್ತಿದ್ದದ್ದು ಪಾಠವಲ್ಲ. ವಾರಕ್ಕೊಂದು ಪೀರಿಯಡ್ ಮಕ್ಕಳೂ ನಾನೂ ನಮ್ಮ ನಮ್ಮ ಅಭ್ಯಾಸಗಳ ಬಗ್ಗೆ ಮಾತಾಡುತ್ತೇವೆ. ಈ ತಿಂಗಳು ಹಿಡಿದದ್ದು, ಎದುರಿನವರ ಮಾತು ಮುಗಿಯುವ ತನಕ ನಡುವೆ ಬಾಯಿ ಹಾಕಬಾರದು ಎಂಬುದನ್ನು. ಆರಿಸಿದವಳು ನಾನೇ. ಎಲ್ಲರೂ ಪಟಪಟಿ ಎಂದು ಕರೆಯುವ ಹುಡುಗಿಯೊಬ್ಬಳಿದ್ದಾಳೆ, ಅವಳನ್ನು ತಿದ್ದೋಣ ಅಂತ.

ಆ ಪಟಪಟಿಯೇ ಎದ್ದು ನಿನ್ನನ್ನು ಕೇಳಿದಳು, "ಅಜ್ಜಿ, ನಮ್ಮ ಟೀಚರ್‌ಗೆ ಚಿಕ್ಕವರಿದ್ದಾಗ ಏನು ಅಭ್ಯಾಸ ಇತ್ತು?"

"ಇ... ಇವಳು..." ಎಂದೆ ನೀನು. ಮಾತು ಎಂದಿನಂತೆ ಸಿಕ್ಕಿಕೊಂಡಿತು. ಮಕ್ಕಳ ಕಣ್ಣೆಲ್ಲ ನಿನ್ನ ತುಟಿಯ ಮೇಲೆ. ನಾನು ತಡೆಯಲಾರದೆ, "ಉಗುರು ಕಚ್ತಿದ್ದೆ, ಅಷ್ಟೇ. ಅಮ್ಮ, ನೀನು ಹೊರಡು, ಬಿಸಿಲೇರುತ್ತೆ" ಎಂದೆ.

"ಟೀಚರ್, ಅಜ್ಜಿ ಇನ್ನೂ ಹೇಳ್ತಾ ಇದ್ದಾರೆ."

ಎದುರುತ್ತರವಲ್ಲ ಅದು. ನಾನು ಕಲಿಸಿದ್ದನ್ನೇ ಪಟಪಟಿ ನನಗೆ ಒಪ್ಪಿಸಿದಳು.

ತರಗತಿ ಕಾದು ಕೂತಿತು. ಯಾರೂ ನಗಲಿಲ್ಲ, ಯಾರೂ ಪದ ಎತ್ತಿಕೊಡಲಿಲ್ಲ. ನೀನು ಮೇಜಿನ ಅಂಚು ಹಿಡಿದು, ನಿಂತು ನಿಂತು ಪೂರ್ತಿ ಹೇಳಿದೆ: "ಇವಳು ನಿ... ನಿದ್ದೆಯಲ್ಲಿ ಹಾಡೋಳು. ನಾನು ಎ... ಎದ್ದು ಕೂತು ಕೇಳ್ತಿದ್ದೆ." ಮಕ್ಕಳು ಹೋ ಎಂದು ನಕ್ಕರು. ನೀನೂ ನಕ್ಕೆ. ನಾನು ಬೋರ್ಡಿನ ಕಡೆ ತಿರುಗಿ ಒರೆಸಿದ್ದನ್ನೇ ಒರೆಸುತ್ತ ನಿಂತೆ.

ನನಗಿದು ಗೊತ್ತೇ ಇರಲಿಲ್ಲಮ್ಮ. ಎಷ್ಟು ಸಲ ಹೇಳಲು ಹೊರಟಿದ್ದೆಯೋ. ಅಂಗಡಿಯಲ್ಲಿ, ಡಾಕ್ಟರ ಮುಂದೆ, ನೆಂಟರ ನಡುವೆ, ನಿನ್ನ ಬಾಯಿಂದ ಅರ್ಧ ಪದ ಬರುವಷ್ಟರಲ್ಲಿ ಇನ್ನರ್ಧ ನನ್ನದು. ನಿನಗೆ ಕಷ್ಟವಾಗದಿರಲಿ ಅಂತ ಹಾಗೆ ಮಾಡುತ್ತೇನೆ ಎಂದುಕೊಂಡಿದ್ದೆ. ಸುಳ್ಳು. ಜನ ನೋಡುತ್ತಾರಲ್ಲ ಎಂದು ನನಗೇ ನಾಚಿಕೆ. ಈಗ ಆ ನಾಚಿಕೆಯನ್ನು ನೆನೆದರೆ ತಲೆ ಎತ್ತಲಾಗುತ್ತಿಲ್ಲ.

ಅಷ್ಟಾದರೂ ಮರುದಿನ ಬಸ್‌ಸ್ಟ್ಯಾಂಡಿನಲ್ಲಿ ನಾನು ಏನು ಮಾಡಿದೆ ನೋಡು. ನೀನು ಬಸ್ಸಿನ ಕಿಟಕಿಯಿಂದ ಬಗ್ಗಿ "ನೀ... ನೀನು..." ಎಂದೆ. "ಹೊತ್ತಿಗೆ ಸರಿಯಾಗಿ ಊಟ ಮಾಡ್ತೀನಿ, ಗೊತ್ತಮ್ಮ" ಎಂದುಬಿಟ್ಟೆ ನಾನು. ನೀನು ತಲೆಯಾಡಿಸಿದೆ. ಬಸ್ಸು ಹೊರಟ ಮೇಲೆ, ನೀನು ಹೇಳಹೊರಟದ್ದು ಅದಲ್ಲ ಅನ್ನಿಸಿತು.

ಈ ವಾರ ತರಗತಿಯಲ್ಲಿ ಇದನ್ನೆಲ್ಲ ಹೇಳಿ, ಸೋತೆ ಎಂದು ಒಪ್ಪಿಕೊಂಡೆ. ಯಾರೂ ನನ್ನನ್ನು ಆಡಿಕೊಳ್ಳಲಿಲ್ಲ. "ಹುಟ್ಟುಗುಣ ಸುಟ್ಟರೂ ಹೋಗಲ್ಲ ಅಂತಾರೆ, ಇದು ಹುಟ್ಟುಗುಣ ಅಲ್ವಲ್ಲ ಟೀಚರ್" ಎಂದು ಒಬ್ಬ ಧೈರ್ಯ ಹೇಳಿದ. "ನಾಲಿಗೆ ಹಲ್ಲಿನ ಮಧ್ಯೆ ಇಟ್ಕೊಳ್ಳಿ, ನಾನು ಹಂಗೇ ಮಾಡೋದು" ಎಂದಳು ಪಟಪಟಿ. ಅವಳು ನಿಜಕ್ಕೂ ಸುಧಾರಿಸಿದ್ದಾಳೆ.

ಭಾನುವಾರ ಫೋನ್ ಮಾಡುತ್ತೇನೆ. ಅಣ್ಣನ ಕೈಗೆ ಕೊಡಬೇಡ. ಬಸ್ಸಿನಲ್ಲಿ ಏನು ಹೇಳಹೊರಟಿದ್ದೆ, ಅದನ್ನು ನಿನಗೆ ಬೇಕಾದಷ್ಟು ಹೊತ್ತು ತೆಗೆದುಕೊಂಡು ಹೇಳು. ಈ ಕಡೆಯಿಂದ ಸದ್ದಿಲ್ಲದಿದ್ದರೆ ಲೈನ್ ಕಟ್ಟಾಯಿತು ಅಂದುಕೊಳ್ಳಬೇಡ. ಇಲ್ಲೇ ಇರುತ್ತೇನೆ.

ತಣ್ಣಗಿರು ಅಮ್ಮಾ.

ನಿನ್ನ ಬಾಯಿಬಡುಕಿ ಮಗಳು