ಪೈಪಿಗೆ ಹತ್ತಿದ ಚಿಪ್ಪು

6 ಮೇ 2003, ಮಂಗಳವಾರ. ಗೋಕಾಕ

ಕರೆಂಟು ಹನ್ನೊಂದಕ್ಕೆ ಬಂತು. ಅಲ್ಲಿಯವರೆಗೆ ಮಾನಿಟರಿನ ಧೂಳು ಒರೆಸಿದೆ. ಮುಂಬಯಿ ಕಂಪನಿಯ ರೈಸರ್ ಇವತ್ತು ಮುಗಿಯಬೇಕು. ಸಮುದ್ರದ ತಳದಲ್ಲಿ ಮಲಗಿದ ಗ್ಯಾಸ್ ಪೈಪು ಎದ್ದು ನೀರಿನ ಮೇಲಿನ ಕಬ್ಬಿಣದ ಪ್ಲಾಟ್‌ಫಾರ್ಮಿಗೆ ಹತ್ತುತ್ತದಲ್ಲ, ಆ ನಿಂತ ಭಾಗವೇ ರೈಸರ್. ಅದನ್ನು ಸಾಫ್ಟ್‌ವೇರಿನಲ್ಲಿ ನಿಲ್ಲಿಸುವುದು ನನ್ನ ಕೆಲಸ.

ಹೊಸದೊಂದು ಕಾಲಂ ಬಂದಿದೆ — ಮರೀನ್ ಗ್ರೋತ್. ವರ್ಷಗಟ್ಟಲೆ ನೀರಿನಲ್ಲಿದ್ದ ಪೈಪಿಗೆ ಪಾಚಿ, ಚಿಪ್ಪು, ಹುಳ ಹತ್ತಿ ದಪ್ಪಗಾಗುತ್ತದಂತೆ. ದಪ್ಪಗಾದಷ್ಟೂ ತೆರೆಯ ಹೊಡೆತ ಹೆಚ್ಚು. ಮದುವೆಯಾದ ಮೇಲೆ ನನಗೂ ಹೀಗೇ ಆಗಿದೆ. ಯಾರೂ ಕಾಲಂ ಮಾಡಲಿಲ್ಲ.

ಶೀಟಿನಲ್ಲಿ ಮೂರು ಸಾಲು. ಸೊನ್ನೆಯಿಂದ ಹದಿನೈದು ಮೀಟರ್, ನೂರು ಮಿಲಿಮೀಟರ್ ದಪ್ಪ. ಮುಂದೆ ಎಪ್ಪತ್ತೈದು. ಅದರ ಮುಂದೆ ಮೂವತ್ತು. ಎಲ್ಲಿಂದ ಎಣಿಸಲಿ ಎಂದು ಸಾಫ್ಟ್‌ವೇರ್ ಕೇಳಿತು. ತಳದಿಂದ ಎಂದು ಒತ್ತಿದೆ. ನೀರನ್ನು ಮತ್ತೆಲ್ಲಿಂದ ಎಣಿಸುತ್ತಾರೆ!

ಗೊಮ್ಮಟೇಶ ಬೆನ್ನ ಹಿಂದೆ ಬಂದು ನಿಂತ. ಈ ಕಂಪ್ಯೂಟರ್ ಸೆಂಟರಿನ ಮಾಲೀಕ, ವಯಸ್ಸಿನಲ್ಲಿ ನನ್ನ ಹಳೆಯ ಟ್ಯೂಶನ್ ಹುಡುಗರ ಓರಗೆಯವನು.

“ಕಾಕಾ, ಸಮುದ್ರ ನೋಡೀರೇನ್ರಿ?”

“ಗೋಕಾಕ ಫಾಲ್ಸ್ ನೋಡೇನಿ.”

“ಸಾಕ ಬಿಡ್ರಿ. ಇದೊಂದು ಪಾಸಾತಂದ್ರ ವರ್ಷಪೂರ್ತಿ ಕೆಲಸ. ಇಲ್ಲಂದ್ರ ನೀವು ಮತ್ತ ಟ್ಯೂಶನ್ನು, ನಾ ಝೆರಾಕ್ಸು.”

ಕಡಲು ಕಾಣದವನ ಕೈಗೆ ಕಡಲಿನ ನಕ್ಷೆ;
ಇದು ಪಗಾರವೋ, ಹಿಂದಿನ ಜನ್ಮದ ಶಿಕ್ಷೆ?

9 ಮೇ, ಶುಕ್ರವಾರ

ಮುಂಬಯಿ ಕಂಪನಿಯಲ್ಲಿ ನಮ್ಮ ಕೆಲಸ ನೋಡುವ ಕುಲಕರ್ಣಿ ಬಾಯಿ ಫೋನ್ ಮಾಡಿದರು. ಮಾಡೆಲ್ ಪಾಸು. ಸೋಮವಾರ ಡ್ರಾಯಿಂಗಿಗೆ ಹೋಗುತ್ತದೆ. ಗೊಮ್ಮಟೇಶ ಪೇಢೆ ತಂದ.

ನನ್ನ ತಲೆಯಲ್ಲಿ ಚಿಪ್ಪೇ. ಸಮುದ್ರದಲ್ಲಿ ಅಷ್ಟು ಜಾಗ ಬಿಟ್ಟು ಪೈಪಿಗೇ ಯಾಕೆ ಹತ್ತುತ್ತದೆ? ಅಲ್ಲಿ ಏನು ತಿನ್ನುತ್ತದೆ? ಮನೆಗೆ ಬಂದು ಹೆಂಡತಿ ಆರತಿಯನ್ನು ಕೇಳಿದೆ.

“ಚಿಪ್ಪಿನ ಊಟದ ಕಾಳಜಿ ಬಂತಲ್ಲಾ, ಪುಣ್ಯಾ,” ಅಂದಳು. “ನಂದು ಇವತ್ತ ಉಪಾಸ ಐತಿ. ಕೇಳಿದ್ರೇನು?”

11 ಮೇ, ರವಿವಾರ. ಹುಕ್ಕೇರಿ ಕಡೆ

ಆರತಿಯ ತಮ್ಮ ಬಾಬಾಸಾಹೇಬನ ಹೊಲ. ಹಿಡಕಲ್ ಡ್ಯಾಮಿನ ಹಿನ್ನೀರಿನ ದಂಡೆ. ಬೇಸಿಗೆಗೆ ನೀರು ಇಳಿದು ಅವನ ಮೋಟರಿನ ಪೈಪು ಉದ್ದಕ್ಕೂ ಬಯಲಿಗೆ ಬಿದ್ದಿದೆ. ನೋಡುತ್ತ ನಿಂತುಬಿಟ್ಟೆ. ಮೇಲಿನ ಭಾಗಕ್ಕೆ ಒಣಗಿದ ಪಾಚಿ, ಸಣ್ಣ ಸಣ್ಣ ಚಿಪ್ಪು — ಹೆಬ್ಬೆರಳು ದಪ್ಪ. ಕೆಳಗೆ ಹೋದಂತೆ ತೆಳು. ತೀರ ಕೆಳಗೆ ಬರೀ ರಾಡಿ, ಒರೆಸಿದರೆ ಕಬ್ಬಿಣ.

“ಮಾಮಾ, ಪೈಪಿಗೆ ನಮಸ್ಕಾರ ಮಾಡಾಕತ್ತೀರೇನ್ರಿ?”

“ಬಾಬು, ನಿಮ್ಮ ಬಾವ್ಯಾಗ ಎಷ್ಟ ನೀರ ಐತಿ?”

“ಎರಡಾಳು. ಯಾಕ್ರಿ?”

“ಎಲ್ಲಿಂದ ಎಣಿಸಿದಿ?”

“ತಳದಿಂದ. ಮತ್ತೇನ್ ಆಕಾಶದಿಂದ ಎಣಸತಾರೇನ್ರಿ?”

ಅದೇ. ನಮ್ಮ ಕಡೆ ನೀರು ಅಂದರೆ ಎಷ್ಟು ಉಳಿದಿದೆ ಎಂಬ ಲೆಕ್ಕ. ತಳದ ಮೇಲೆ ಒಂದಾಳು, ಎರಡಾಳು. ಸಮುದ್ರದವರಿಗೆ ಉಳಿಯುವ ಚಿಂತೆ ಎಲ್ಲಿ? ಅವರ ಸೊನ್ನೆ ನೀರಿನ ಮೇಲ್ಮೈ. ಅಲ್ಲಿಂದ ಕೆಳಕ್ಕೆ. ಬಿಸಿಲು ಬೀಳುವುದು ಮೇಲೆ, ಬೆಳೆಯುವುದೂ ಮೇಲೆ... ನಾನು ನೂರು ಮಿಲಿಮೀಟರ್ ಚಿಪ್ಪನ್ನು ಕತ್ತಲೆಯ ತಳಕ್ಕೆ ಅಂಟಿಸಿ, ತೆರೆ ಹೊಡೆಯುವ ಕಡೆ ಪೈಪನ್ನು ತೆಳ್ಳಗೆ ಬಿಟ್ಟಿದ್ದೇನೆ.

ಊಟ ರುಚಿಸಲಿಲ್ಲ. ಹೋಳಿಗೆ ಇತ್ತು.

12 ಮೇ, ಸೋಮವಾರ, ಬೆಳಿಗ್ಗೆ

ಸೆಂಟರಿನ ಬೀಗ ನಾನೇ ತೆಗೆದೆ. ಸೊನ್ನೆಯನ್ನು ಮೇಲಕ್ಕೆ ಒಯ್ದು ಮತ್ತೆ ಲೆಕ್ಕ ಓಡಿಸಿದೆ. ಪೈಪಿನ ಮೇಲೆ ಬೀಳುವ ಹೊಡೆತವನ್ನು ಅದು ತಾಳುವ ಶಕ್ತಿಯಿಂದ ಭಾಗಿಸಿದ ಉತ್ತರ ಒಂದನ್ನು ದಾಟಬಾರದು. ದಾಟಿದರೆ ದೊಡ್ಡ ಬಿರುಗಾಳಿಗೆ ಪೈಪು ತಡೆಯುವುದಿಲ್ಲ. ಮೊದಲು 0.86 ಇತ್ತು. ಈಗ 1.09.

ಗೊಮ್ಮಟೇಶ ಬಂದ ಕೂಡಲೇ ತೋರಿಸಿದೆ.

“ಕಾಕಾ, ಪಾಸ್ ಮಾಡಿದವರು ಅವರು. ಸಹಿ ಅವರದು. ನಾವ್ಯಾಕ ಬಾಯಿ ಬಿಡಬೇಕ್ರಿ?”

“ಮ್ಯಾಲ ಪ್ಲಾಟ್‌ಫಾರ್ಮಿನ್ಯಾಗ ಮಂದಿ ಮಲಗತಾರಪಾ.”

ಮಾನಿಟರಿನ ಮೇಲಿನ 1.09ನ್ನು ಬೆರಳಿನಿಂದ ಒರೆಸಿ ನೋಡಿದ.

“ಕೆಲಸ ಹೋಗತೈತ್ರಿ.”

“ಹೋಗತೈತಿ.”

ಫೋನನ್ನು ನನ್ನ ಕಡೆ ಸರಿಸಿದ. “ನೀವಽ ಹೇಳ್ರಿ. ನಿಮ್ಮ ಮರಾಠಿ ಮೆತ್ತಗ ಐತಿ.”

ಅದೇ ದಿನ, 11 ಗಂಟೆ

ಹೇಳಿದೆ. ಆ ಕಡೆ ಕುಲಕರ್ಣಿ ಬಾಯಿ ಡ್ರಾಯಿಂಗ್ ನಿಲ್ಲಿಸಿ ಎಂದು ಯಾರಿಗೋ ಕೂಗಿದ್ದು ಕೇಳಿಸಿತು. ಹೇಗೆ ಗೊತ್ತಾಯಿತು ಎಂದರು. ಮೈದುನನ ಪೈಪಿನ ಕಥೆ ಹೇಳಿದೆ. ನಗಲಿಲ್ಲ. ಮಧ್ಯಾಹ್ನದೊಳಗೆ ಸರಿ ಮಾಡಿ ಕಳಿಸಿ, ಉಳಿದದ್ದನ್ನು ಸಾಹೇಬರು ನೋಡುತ್ತಾರೆ ಎಂದರು.

ಮೇಲಿನಿಂದ ಬೆಳೆಯಿತು ಪೈಪಿಗೆ ಚಿಪ್ಪು;
ತಳದಿಂದ ಬೆಳೆದದ್ದು ನನ್ನದೇ ತಪ್ಪು.

16 ಮೇ, ಶುಕ್ರವಾರ

ಫೋನ್ ಸತ್ತಿದೆಯೋ ಎಂದು ಗೊಮ್ಮಟೇಶ ದಿನಾ ಎತ್ತಿ ಕಿವಿಗೆ ಹಿಡಿಯುತ್ತಿದ್ದ. ಇವತ್ತು ಅದೇ ರಿಂಗಾಯಿತು.

ರೈಸರನ್ನು ಪ್ಲಾಟ್‌ಫಾರ್ಮಿನ ಕಾಲಿಗೆ ಬಿಗಿಯಲು ಮೇಲೆ ಇನ್ನೊಂದು ಕ್ಲ್ಯಾಂಪ್ ಹಾಕುತ್ತಾರಂತೆ. ಹಾಕಿದರೆ ಉತ್ತರ ಒಂದರೊಳಗೆ ಬರುತ್ತದೆ. ಕುಲಕರ್ಣಿ ಬಾಯಿ ಚೆನ್ನಾಗಿಯೇ ಝಾಡಿಸಿದರು. ಇನ್ನು ಮೇಲೆ ನಿಮ್ಮ ಪ್ರತಿ ಫೈಲನ್ನೂ ಇಲ್ಲಿ ಇಬ್ಬರು ನೋಡುತ್ತಾರೆ ಎಂದರು. ಹಾಗೇ ಗೊಮ್ಮಟೇಶನಿಗೆ ಒಪ್ಪಿಸಿದೆ.

“ಪ್ರತಿ ಫೈಲು ಅಂದ್ರಾ? ಕಾಕಾ, ಹಂಗಂದ್ರ ಕೆಲಸ ಐತಿ!”

ಫೋನ್ ಇಡುವ ಮೊದಲು ಒಂದು ಕೇಳಿದ್ದೆ — ಖರೆ ಚಿಪ್ಪು ಹೇಗಿರುತ್ತದೆ, ತೋರಿಸುತ್ತೀರಾ? ಈಗ ನಕ್ಕರು. ಮುಳುಗುಗಾರರು ತೆಗೆದ ಫೋಟೊ ಮೇಲ್ ಮಾಡುತ್ತೇನೆ ಎಂದರು.

ಸಂಜೆ

ಬಂತು. ಲೈನು ಮಂದ. ಫೋಟೊ ಮೇಲಿನಿಂದ ಎಳೆ ಎಳೆಯಾಗಿ ಇಳಿಯುತ್ತಿದೆ. ಅದನ್ನು ನೋಡುತ್ತಲೇ ಬರೆಯುತ್ತಿದ್ದೇನೆ. ಮೊದಲು ಹಸಿರು ನೀರು. ಆಮೇಲೆ ಪೈಪು... ಪೈಪೆಲ್ಲಿ? ಚಿಪ್ಪಿನ ಮೇಲೆ ಚಿಪ್ಪು, ನಡುವೆ ಕೇಸರಿ ಬಣ್ಣದ್ದೇನೋ, ಅರಳಿದೆ. “ಕಾಕಾ, ಅದು ಗಿಡ ಏನ್ರಿ, ಜೀವ ಏನ್ರಿ?” ಅಂತಾನೆ ಗೊಮ್ಮಟೇಶ. ಗೊತ್ತಿಲ್ಲ. ಬಾಜೂಕ್ಕೆ ಒಂದು ಕಾಲು. ಏಡಿಯದಿರಬೇಕು. ಅಲ್ಲ, ಏಡಿಗೆ ಇಷ್ಟು ಉದ್ದ... ಇನ್ನೊಂದು ಎಳೆ ಇಳಿಯಿತು, ಅದರ ಕೆಳಗೆ —